ಹೊಸಿಲ ಹೊರಗೆ ಹರಿದ ಕಾಗದ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರ ಪಂಚಮಿಯ ಮಾರನೆಯ ದಿನ. ಐದನೆಯ ಇಯತ್ತೆ ಅರ್ಧಕ್ಕೆ ನಿಂತಿತು. ಕಲಿತ ಅಕ್ಷರ ಒಂದು ಕಾಗದ ಬರೆಯಲು ಸಾಕಾಗುವಷ್ಟು. ಅಂದಿನಿಂದ ಯಾವ ಊರಲ್ಲೂ ಕಾಲು ನಿಂತಿಲ್ಲ. ಆ ಹಬ್ಬಕ್ಕೆ ತವರಿಗೆ ಬಂದಿದ್ದ ನೀಲವ್ವಕ್ಕ ಮುಂದೆ ಗಂಡನೊಂದಿಗೆ ಹಡಗು ಹತ್ತಿ ಮೊಂಬಾಸಾಕ್ಕೆ ಹೋದಳು.

ಹೀಗೆ ತಿರುಗುತ್ತ ಬಂದು ಸೇರಿದ ಈ ಮಠದಲ್ಲಿ ಒಂದು ಮಳೆಗಾಲ ಉಳಿದದ್ದೇ ಹೆಚ್ಚು. ಹೊರಡುವ ಹಿಂದಿನ ಸಂಜೆ ಗುರುಗಳನ್ನು ಕೇಳಿದೆ:

“ಅಜ್ಜಾರೇ, ಅಕ್ಕನಿಗೆ ಹರಿಹರದಿಂದ ಒಂದು ಕಾಗದ ಬರೆದಿದ್ದೆ. ಆಮೇಲೆ ಮೂರು ಊರು ತಿರುಗಿದೆ. ಅವಳಿಂದ ಒಂದಕ್ಷರ ಇಲ್ಲ. ಮರೆತವರಿಗೆ ಮತ್ತೆ ಬರೆಯಬೇಕೇ?”

“ಕಾಲಿಗೆ ಚಕ್ರ ಕಟ್ಟಿಕೊಂಡವನಿಗೂ ಅಕ್ಕನ ನೆನಪಾಗುತ್ತದಲ್ಲ,” ಎಂದು ಗುರುಗಳು ನಕ್ಕರು. “ಕೂತುಕೋ, ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ದುಡಿಯಲು ಕಡಲಾಚೆಗೆ ಹೋದ ಅವನ ಅಣ್ಣ ಅಲ್ಲೇ ಮನೆ ಮಾಡಿದ್ದ. ಅಣ್ಣತಮ್ಮಂದಿರು ಮುಖ ನೋಡಿ ವರ್ಷಗಳಾಗಿದ್ದವು. ಆದರೆ ಕಾಗದ ತಪ್ಪುತ್ತಿರಲಿಲ್ಲ. ಇಲ್ಲಿ ಎಮ್ಮೆ ಈದರೆ ಅಲ್ಲಿ ಗೊತ್ತಾಗುತ್ತಿತ್ತು. ಅಲ್ಲಿ ಮಗುವಿಗೆ ಹಲ್ಲು ಬಂದರೆ ಇಲ್ಲಿ ಸಕ್ಕರೆ ಹಂಚುತ್ತಿದ್ದರು.

ಒಂದು ದಿನ ಬಂದ ಕಾಗದದಲ್ಲಿ ಅತ್ತಿಗೆಯ ಬರಹವಿತ್ತು. ಮೊದಲ ಸಾಲಿನಲ್ಲೇ ಅಣ್ಣ ತೀರಿಕೊಂಡ ಸುದ್ದಿ. ನೇಕಾರ ಅಂಗಳದಲ್ಲೇ ಕುಸಿದು ಕೂತ.

ಸಾವಿನ ಕಾಗದ ಹೊಸಿಲು ದಾಟಬಾರದು, ಓದಿದ ಕೂಡಲೇ ಹರಿದುಹಾಕಬೇಕು ಎಂಬುದು ಆ ಕಡೆಯ ರೂಢಿ. ಒಳಗಿನಿಂದ ಸೋದರತ್ತೆ ಅಳುತ್ತಲೇ ಕೂಗಿದಳು:

“ಕೈಯಲ್ಲಿ ಹಿಡಿದುಕೊಂಡು ಏನು ನೋಡುತ್ತೀಯೋ? ಹರಿ ಅದನ್ನು. ತಲೆಗೆ ನೀರು ಹಾಕಿಕೊಂಡು ಒಳಗೆ ಬಾ.”

ಅವನು ಹರಿದ. ಚೂರುಗಳು ಸ್ನಾನದ ನೀರಿನ ಜೊತೆ ಹರಿದುಹೋದವು.

ದಿನಕರ್ಮ ಮುಗಿದ ಮೇಲೆ ಅತ್ತಿಗೆಗೆ ಬರೆಯಲು ಕೂತ. ಆಗ ನೆನಪಾಯಿತು. ಮಗನನ್ನು ಕರೆದುಕೊಂಡು ಬೇರೆ ಊರಿಗೆ ಬಂದಿದ್ದೇನೆ, ವಿಳಾಸ ಕೆಳಗಿದೆ ಎಂದು ಆಕೆ ಬರೆದಿದ್ದಳು. ಆ ಕೆಳಗಿನ ಸಾಲಿಗೆ ಅವನ ಕಣ್ಣು ಹೋಗಿರಲೇ ಇಲ್ಲ.

ಹಳೆಯ ವಿಳಾಸಕ್ಕೇ ಬರೆದು ಹಾಕಿದ. ಕಾಗದ ಸಮುದ್ರ ಸುತ್ತಿ ಅವನ ಮನೆಗೇ ಮರಳಿ ಬಂತು. ಅಂಚೆಯವನು ಬರುವ ಹೊತ್ತಿಗೆ ಅವನು ದಿನಾ ಮಗ್ಗ ನಿಲ್ಲಿಸಿ ಹೊರಗೆ ಬಂದು ನಿಲ್ಲುತ್ತಿದ್ದ. “ಬಂದರೆ ನಾನೇ ಓಡಿಬಂದು ಕೊಡುತ್ತೇನೆ. ನೀನು ಕೆಲಸ ಬಿಟ್ಟು ಏಳಬೇಡ,” ಎಂದು ಅಂಚೆಯವನೇ ಬೈಯುತ್ತಿದ್ದ.

ಅಲ್ಲಿ, ಕಡಲಾಚೆ, ಮಗ ತಾಯಿಯನ್ನು ಕೇಳಿದ: “ಅವ್ವ, ಕಾಕಾನಿಗೆ ಇನ್ನೊಂದು ಕಾಗದ ಹಾಕಲೇ?”

“ನಿಮ್ಮಪ್ಪ ಹೋದ ಸುದ್ದಿ ಕೇಳಿಯೂ ಒಂದು ಮಾತು ಬರೆಯಲಿಲ್ಲ ಅವರು. ನಮಗೇನು ಬಂದಿದೆ? ಮೊದಲು ಅವರು ಬರೆಯಲಿ,” ಎಂದಳು ಆಕೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ.

“ಆಮೇಲೆ? ನೇಕಾರ ಬರೆಯುವುದನ್ನೇ ಬಿಟ್ಟನೇ?”

“ಇಲ್ಲ. ಹಬ್ಬಕ್ಕೊಂದು ಬರೆದ. ಬರೆದು ಗೋಡೆಯ ಗೂಡಿನಲ್ಲಿ ಇಟ್ಟ. ಅಂಚೆಗೆ ಹಾಕಬೇಕಾದರೆ ಊರ ಹೆಸರು ಬೇಕಲ್ಲ.”

“ಆ ಹುಡುಗ?”

“ದೊಡ್ಡವನಾದ. ಮದುವೆಯಾದ. ನಿಮ್ಮ ಕಡೆ ಬಂಧುಬಳಗ ಯಾರೂ ಇಲ್ಲವೇ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದ.”

ನನಗೆ ಸಿಟ್ಟು ಬಂತು. “ಇದೆಂಥ ಹಟ ಅಜ್ಜಾರೇ? ತಪ್ಪು ಆ ತಾಯಿಯದೇ. ನೇಕಾರ ಇದ್ದಲ್ಲೇ ಇದ್ದ. ಊರು ಬದಲಿಸಿದವರಲ್ಲವೇ ಮತ್ತೊಮ್ಮೆ ಬರೆಯಬೇಕಾದದ್ದು?”

ಗುರುಗಳು ನನ್ನ ಮುಖ ನೋಡಿದರು.

“ನಿನ್ನ ಅಕ್ಕ ಊರು ಬದಲಿಸಿದ್ದಾಳೆಯೇ?”

ಅವಳಿಗೆ ನಾನು ಕೊಟ್ಟಿದ್ದ ವಿಳಾಸ ಹರಿಹರದ್ದು.

ಬೆಳಿಗ್ಗೆ ಒಣಗಿದ ಪಂಚೆಯನ್ನು ಮಡಚಿ ಚೀಲಕ್ಕೆ ತುರುಕಿದೆ. ಮುಂದೆ ಯಾವ ಊರು ಎಂದು ಗುರುಗಳು ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಗೊತ್ತಿರಲಿಲ್ಲ.