ಬಸವನಹುಳುಗಳಲ್ಲಿ ಗಂಡಿನ ಕಡೆ

ಹಿತ್ತಲಿನ ಮದುವೆಗಳನ್ನೆಲ್ಲ ಮುಂದೆ ನಿಂತು ಮಾಡಿಸುವ ಹುಂಜದ ಬಳಿಗೆ ಎರಡು ಬಸವನಹುಳುಗಳು ಬಂದವು.

"ನಿಮ್ಮಲ್ಲಿ ಗಂಡು ಯಾರು?" ಎಂದಿತು ಹುಂಜ.

"ಇಬ್ಬರೂ."

"ಹೆಣ್ಣು?"

"ಇಬ್ಬರೂ."

"ತಲೆಹರಟೆ ಬೇಡ. ಗಂಡಿನ ಕಡೆಯವರು ಯಾರೆಂದು ಗೊತ್ತಾಗದೆ ಊಟಕ್ಕೆ ಮೊದಲು ಯಾರಿಗೆ ಎಲೆ ಹಾಕಿಸಲಿ? ಯಾರ ಕಾಲನ್ನು ಯಾರು ತೊಳೆಯಬೇಕು?"

ಕರಿಬೇವಿನ ಎಲೆಗೆ ಮೊಟ್ಟೆ ಅಂಟಿಸುತ್ತಿದ್ದ ಚಿಟ್ಟೆಗೆ ಕೇಳಿ ಕೇಳಿ ಸಾಕಾಯಿತು. "ಸ್ವಾಮಿ, ನಮ್ಮಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಇವರಿಗೆ ಎರಡೂ ಒಂದೇ ಮೈಯಲ್ಲಿವೆ. ನೆಲ ಒಣಗಿದರೆ ಇವರು ಮೊಟ್ಟೆ ಇಡುವ ಹಾಗಿಲ್ಲ. ಬೇಗ ಮುಗಿಸಿ."

"ಹಾಗಾದರೆ ಮೊದಲು ಮೊಟ್ಟೆ ಇಡಲಿ. ಇಟ್ಟವಳು ಹೆಣ್ಣು. ಮದುವೆ ಆಮೇಲೆ ನೋಡೋಣ" ಎಂದಿತು ಹುಂಜ.

ಬಸವನಹುಳುಗಳು ಕೂಡಿದವು. ಕೆಲವು ದಿನಗಳ ಮೇಲೆ ಹಸಿಮಣ್ಣಿನಲ್ಲಿ ಎರಡೂ ಮೊಟ್ಟೆಯಿಟ್ಟವು.

ಹುಂಜಕ್ಕೆ ತಲೆ ಕೆಟ್ಟುಹೋಯಿತು. "ಈಗ ಬಾಣಂತನಕ್ಕೆ ತವರಿಗೆ ಹೋಗುವುದು ಯಾರು? ಅದನ್ನಾದರೂ ಹೇಳಿ."

"ನಮ್ಮ ಮನೆ ನಮ್ಮ ಬೆನ್ನ ಮೇಲೇ ಇದೆ ಸ್ವಾಮಿ, ಎಲ್ಲಿಗೂ ಹೋಗುವುದಿಲ್ಲ" ಎಂದವು ಬಸವನಹುಳುಗಳು. "ಇಬ್ಬರಿಗೂ ಒಟ್ಟಿಗೆ ಎಲೆ ಹಾಕಿಸಿ. ಹಸಿವಾಗಿದೆ."