ಸೆಖ್ಮೆತ್ ಮತ್ತು ಸಗಣಿಹುಳು

ಪ್ರಾಚೀನ ಈಜಿಪ್ಟಿನ ಸಿಂಹಮುಖದ ದೇವತೆ ಸೆಖ್ಮೆತ್, ತನ್ನನ್ನು ಮರೆತ ಲೋಕಗಳನ್ನೆಲ್ಲ ಹುಡುಕಿ ಸುಡುತ್ತಿದ್ದಳು. ಅವಳ ಆಕಾಶನೌಕೆ ಒಂದು ಪುಟ್ಟ ಗ್ರಹದಲ್ಲಿ ಇಳಿಯಿತು; ಲೋಕ ಸುಡುವ ಅದರ ಬೆಂಕಿಯ ಯಂತ್ರ ಗುರುಗುಟ್ಟತೊಡಗಿತು. ಊರೆಲ್ಲ ಓಡಿಹೋದರೂ ತಿಯಾ ಎಂಬ ಸಗಣಿಹುಳು ಮಾತ್ರ ಮರಿಯನ್ನು ಬೆನ್ನಮೇಲೆ ಹೊತ್ತು ನೌಕೆ ಹತ್ತಿತು.

“ತಾಯೀ, ನೀನು ವೈದ್ಯರಿಗೂ ದೇವತೆ ಎಂದು ಹಳೆಯ ಕತೆಯಲ್ಲಿ ಕೇಳಿದ್ದೇನೆ. ನನ್ನ ಮಗುವಿನ ಮೈ ಜ್ವರದಿಂದ ಸುಡುತ್ತಿದೆ. ಮೊದಲು ಜ್ವರ ಇಳಿಸು.”

“ಇನ್ನೇನು ಸಾಯುವ ಮಗುವಿಗೆ ಮದ್ದೇಕೆ?”

“ಅಲ್ಲಿಯವರೆಗಾದರೂ ನರಳದಿರಲಿ, ತಾಯೀ.”

ಸೆಖ್ಮೆತ್ ಗೊಣಗುತ್ತ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಮದ್ದು ಹಾಕಿದಳು. ಜ್ವರ ಇಳಿಯಿತು. ಮರಿ ಅವಳ ಬೆರಳನ್ನು ತಬ್ಬಿ ನಿದ್ದೆಹೋಯಿತು.

ತಿಯಾ ಕಣ್ಣೊರೆಸಿಕೊಂಡು, “ಇನ್ನು ಸುಡಬಹುದು, ತಾಯೀ” ಎಂದಿತು.

“ಮೆಲ್ಲಗೆ ಮಾತಾಡು, ಮಗು ಎದ್ದೀತು!” ಎಂದು ಗದರಿದ ದೇವತೆ, ಕೈ ಅಲುಗದಂತೆ ಬಾಗಿ ಯಂತ್ರವನ್ನು ಆರಿಸಿದಳು.