ಅಕ್ಕನ ದೊಣೆಯ ಮಹಿಮೆ

ಕಲಿಪುರುಷನು ಈ ನೆಲದ ಮೇಲೆ ಇನ್ನೂ ಎರಡೂ ಪಾದಗಳನ್ನು ಭದ್ರವಾಗಿ ಊರಿರದಿದ್ದ ಕಾಲದಲ್ಲಿ, ಸಹ್ಯಾದ್ರಿಯ ಶಿಖರಪಂಕ್ತಿಯಲ್ಲಿ ನೀಹಾರಗಿರಿಯೆಂದು ಋಷಿಗಳಿಂದಲೂ, ಮಂಜುಗುಡ್ಡವೆಂದು ಕಾಡಿನ ಮಂದಿಯಿಂದಲೂ ಕರೆಯಲ್ಪಡುತ್ತಿದ್ದ ಪರ್ವತವೊಂದು, ಕೆಳಗೆ ನಿಬಿಡವಾದ ಕಾನನದಿಂದಲೂ ಮೇಲೆ ಬರಿಯ ಹುಲ್ಲಿನಿಂದಲೂ ಆವೃತವಾಗಿ ವಿರಾಜಿಸುತ್ತಿತ್ತು. ಅದರ ನೆತ್ತಿಯ ತಗ್ಗುಗಳಲ್ಲಿ, ಬೇಸಗೆಯ ಉರಿಯಲ್ಲಿಯೂ ಬತ್ತದ ಎರಡು ದೊಣೆಗಳಿದ್ದವು. ಬಂಡೆಯ ಬೊಗಸೆಯಲ್ಲಿ ತಾನಾಗಿ ನಿಂತ ಕೊಳಕ್ಕೆ ನಮ್ಮ ಕಡೆ ದೊಣೆಯೆನ್ನುತ್ತಾರೆ. ಈಗ ಆ ಬೆಟ್ಟದಲ್ಲಿ ಮೂರು ದೊಣೆಗಳಿವೆ. ಮೂರನೆಯದು ಹೇಗೆ ಬಂತೆಂಬುದೇ ಈ ಪುಣ್ಯಕಥೆ.

ಆ ಪರ್ವತದ ಅಧಿದೇವತೆ ವನದುರ್ಗೆ. ಎಮ್ಮೆ ಕಾಯುವ ಗೌಳಿಗರಿಗೆ ಆಕೆ ಕಾನಮ್ಮ. ಕೆಳಗಿನ ಹಳ್ಳಗಳು ಒಣಗುತ್ತಿದ್ದಂತೆ ಈ ಗೌಳಿಗರು ತಮ್ಮ ಹಿಂಡುಗಳನ್ನು ಹೊಡೆದುಕೊಂಡು, ಕಾನನದ ಕತ್ತಲೆಯನ್ನು ದಾಟಿ, ಮೇಲಣ ಹುಲ್ಲುಗಾವಲಿಗೆ ಏರಿ ಹೋಗಿ, ಮಳೆ ಹಿಡಿಯುವತನಕ ಅಲ್ಲಿಯೇ ಉಳಿಯುತ್ತಿದ್ದರು. ದಾರಿಯೇನೂ ರಾಜಮಾರ್ಗವಲ್ಲ. ಹೆಜ್ಜೆಹೆಜ್ಜೆಗೂ ಕವಲೊಡೆಯುವ, ಮಂಜು ಮುಸುಕಿದರೆ ತನ್ನ ಕಾಲು ತನಗೇ ಕಾಣದಂತಹ ದುರ್ಗಮ ಪಥ. ಆದುದರಿಂದ ಅವರಲ್ಲಿ ಒಂದು ಕಟ್ಟುಪಾಡಿತ್ತು. ಮುಂದೆ ಹೋಗುವವನು ಪ್ರತಿ ಕವಲಿನಲ್ಲಿಯೂ ಹೋಗಬಾರದ ದಾರಿಗೆ ಹಸಿಸೊಪ್ಪಿನ ಕೊಂಬೆಯೊಂದನ್ನು ಮುರಿದು ಅಡ್ಡ ಇಡಬೇಕು. ಅದಕ್ಕೆ ಅಡ್ಡಸೊಪ್ಪೆಂದು ಹೆಸರು. ಹಿಂದಿನವರು ಮಂಜಿನಲ್ಲಿ ಕಾಲಿನಿಂದಲೇ ತಡವಿ ನೋಡಿ, ಸೊಪ್ಪು ತಗುಲಿದ ದಾರಿಯನ್ನು ಬಿಟ್ಟು, ತಗುಲದ ದಾರಿಯನ್ನು ಹಿಡಿಯುವರು. ಎಲ್ಲರಿಗಿಂತ ಕಡೆಯಲ್ಲಿ ಬರುವವರು ಆ ಸೊಪ್ಪನ್ನೆತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕದ ಹುಲ್ಲಿಗೆ ಹಾಕಿ ಮುಂದುವರಿಯಬೇಕು. ಏಕೆಂದರೆ ಹೊತ್ತು ಮುಳುಗಿದ ಮೇಲೆ ಆ ದಾರಿಗಳೆಲ್ಲ ಕಾನಮ್ಮನವು. ಆಕೆಯ ದಾರಿಗೆ ಮನುಷ್ಯರ ಸೊಪ್ಪು ಅಡ್ಡ ಬಿದ್ದಿರುವುದು ಮಹಾಪಚಾರವೆಂದು ಅವರು ನಂಬಿದ್ದರು.

ಆ ಗೌಳಿಗರಲ್ಲಿ ದೂಮನೆಂಬವನೊಬ್ಬನಿದ್ದನು. ಹಾಲು ಕುಡಿಯುವ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವನನ್ನು ಎತ್ತಿ ಆಡಿಸಿ, ಬೆನ್ನಿಗೆ ಕಟ್ಟಿಕೊಂಡು ಆ ಬೆಟ್ಟವನ್ನೇರಿ, ಗದರಿಸಿ ಮುದ್ದಿಸಿ ಮನುಷ್ಯನನ್ನಾಗಿ ಮಾಡಿದವಳು ಅವನ ಅಕ್ಕ ದುಗ್ಗಕ್ಕ. ತಮ್ಮನಿಗಾಗಿ ಮದುವೆಯನ್ನೂ ಬಿಟ್ಟ ಆ ಹೆಣ್ಣುಮಗಳು ನಾಲಿಗೆಯಲ್ಲಿ ತುಸು ಒರಟು, ಕರುಳಿನಲ್ಲಿ ಬೆಣ್ಣೆ. ಹಿಂಡು ಹೊರಟಾಗ ಅವಳು ಸದಾ ಕಡೆಯಲ್ಲಿ ಬರುವಳು. ಕುಂಟುವ ಎಮ್ಮೆ, ಹಿಂದುಳಿದ ಕರು, ಏದುಸಿರು ಬಿಡುವ ಮುದುಕಿ, ಇವರೆಲ್ಲರ ಪಾಲಿಗೆ ದುಗ್ಗಕ್ಕನಿದ್ದಾಳೆಂಬುದೇ ಧೈರ್ಯ. ದೂಮನು ಪ್ರಾಯಕ್ಕೆ ಬಂದು, ಹಿರಿಯರು ಅವನಿಗೆ ಮುಂದಾಳಿನ ಪಟ್ಟ ಕೊಟ್ಟ ವರ್ಷ, ಬೆಟ್ಟದ ಬುಡದಲ್ಲಿ ಅವಳು ಅವನ ತಲೆಯ ಮುಂಡಾಸನ್ನು ಸರಿಪಡಿಸುತ್ತ ಹೇಳಿದಳು: "ಕಣ್ಣೇನೋ ಚುರುಕೈತೆ ನಿಂಗೆ, ತಾಳ್ಮೆನೇ ಇಲ್ಲ. ಓಡಬ್ಯಾಡ. ಹಿಂದೆ ನಾನಿರ್ತೀನಿ."

"ನೀನಿದ್ದೀಯಂತಲೇ ಮುಂದೆ ಹೋಗ್ತಿರೋದು," ಎಂದು ದೂಮನು ನಕ್ಕು ಹೊರಟನು.

ಅಂದು ಅಪರಾಹ್ಣ ಕಳೆಯುತ್ತಿದ್ದಂತೆ ಪಶ್ಚಿಮ ದಿಕ್ಕಿನಿಂದೆದ್ದ ಮಂಜು ಕಣಿವೆಗಳನ್ನು ತುಂಬಿ, ಗಿಡಮರಗಳನ್ನು ನುಂಗಿ, ಶಿಖರವನ್ನೇ ಮರೆಮಾಡಿತು. ಮೇಲಣ ದೊಣೆಗೆ ಇನ್ನೇನು ಕೂಗಳತೆಯಷ್ಟೇ ದೂರವಿರುವಾಗ ಕಡೆಯ ಕವಲು ಬರುತ್ತದೆ. ಅಲ್ಲಿ ಎಡಕ್ಕೆ ತಿರುಗುವ ದಾರಿ, ನೋಡುವುದಕ್ಕೆ ಸಾಧುವಾಗಿದ್ದರೂ, ಸ್ವಲ್ಪ ದೂರ ಹೋಗುತ್ತಲೇ ಪಾತಾಳಸದೃಶವಾದ ಪ್ರಪಾತದ ಅಂಚಿನಲ್ಲಿ ಮುಗಿದುಹೋಗುವುದು. ದೂಮನು ಆ ದಾರಿಗೆ ನೇರಳೆಯ ಕೊಂಬೆಯನ್ನು ಅಡ್ಡವಿಟ್ಟು, ಮಂಜು ದಟ್ಟವಾಗಿದ್ದ ಕಾರಣ ತಾನೂ ಅಲ್ಲಿಯೇ ನಿಂತು, ಒಂದೊಂದೇ ಎಮ್ಮೆಯನ್ನು ಮೈ ಸವರಿ ಬಲಕ್ಕೆ ಸಾಗಿಸಿದನು. ಹಿಂಡು ಹೋಯಿತು, ಮಂದಿ ಹೋದರು, ಗಂಟೆಗಳ ಸದ್ದೂ ದೂರವಾಯಿತು. ದುಗ್ಗಕ್ಕ ಮಾತ್ರ ಕಾಣಲಿಲ್ಲ. ಕಾನಿನ ಅಂಚಿನಲ್ಲಿ ಎಳೆಗರುವೊಂದು ಹಿಂದುಳಿದುದನ್ನು ಕಂಡು ಅವಳು ಹಿಂದಕ್ಕೆ ಹೋಗಿದ್ದಳು. ಹೇಳಿ ಹೋಗುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ.

ಹೊತ್ತು ಮುಳುಗುವುದರಲ್ಲಿತ್ತು. ಕಾನಮ್ಮನ ದಾರಿಗೆ ಸೊಪ್ಪು ಅಡ್ಡವಿದೆಯೆಂಬ ಭಯ ದೂಮನ ಎದೆಯನ್ನು ಕುಟ್ಟತೊಡಗಿತು. ಮುಂದಾಳಾದ ಮೊದಲ ದಿನವೇ ಅಪಚಾರವಾಯಿತೆಂದರೆ ಹಿರಿಯರಿಗೆ ಮುಖ ತೋರಿಸುವುದು ಹೇಗೆ? ಅವನು ಬಾಯಿಗೆ ಕೈಯಿಟ್ಟು ಗಟ್ಟಿಯಾಗಿ ಕೂಗಿದನು: "ಅಕ್ಕಾ, ಬಂದ್ಯಾ?"

ಪ್ರಪಾತದ ಗೋಡೆಗಳಿಗೆ ತಾಗಿದ ಆ ಕೂಗು ಮಂಜಿನಲ್ಲಿ ಸವೆದು, ಬಂದ್ಯಾ ಎಂಬುದು ಬಂದೆಯಾಗಿ, ಹೆಣ್ಣುದನಿಯಂತೆ ಮೆತ್ತಗಾಗಿ ಮುಂದಿನ ದಿಕ್ಕಿನಿಂದ ಅವನ ಕಿವಿಗೆ ಮರಳಿತು. ಅದು ತನ್ನದೇ ದನಿಯೆಂದು ತಿಳಿಯುವಷ್ಟು ತಾಳ್ಮೆ ಅವನಲ್ಲಿರಲಿಲ್ಲ. ಅಕ್ಕ ಮಂಜಿನಲ್ಲಿ ತನ್ನನ್ನು ದಾಟಿ ಮುಂದೆ ಹೋಗಿರಬೇಕೆಂದು ಬಗೆದು, ತಾನೇ ಕಡೆಯವನೆಂದುಕೊಂಡು, ಅವನು ಸೊಪ್ಪನ್ನೆತ್ತಿ ಕಣ್ಣಿಗೊತ್ತಿಕೊಂಡು ಹುಲ್ಲಿಗೆ ಹಾಕಿ ಹೊರಟುಹೋದನು. ಭಕ್ತರೇ, ದೂಮನು ದುಷ್ಟನಲ್ಲ. ದೇವಿಗೆ ಹೆದರಿಯೇ ಅವನು ಹೀಗೆ ಮಾಡಿದನು. ಹೆದರಿಕೆಗೂ ಭಕ್ತಿಗೂ ಎಷ್ಟು ಅಂತರವಿದೆಯೆಂಬುದನ್ನು ತಿಳಿಯಲು ಅವನು ತೆತ್ತಷ್ಟು ಬೆಲೆಯನ್ನು ಬೇರೆ ಯಾರೂ ತೆರದಿರಲಿ.

ದೊಣೆಯ ದಡದಲ್ಲಿ ಎಲ್ಲರೂ ಇದ್ದರು, ಅಕ್ಕನಿರಲಿಲ್ಲ. ದೂಮನು ಎದ್ದು ಬಿದ್ದು ಕವಲಿಗೆ ಓಡಿ ಬಂದು ನೆಲವನ್ನು ತಡವಿದನು. ಎಡದ ದಾರಿಯ ಕೆಸರಿನಲ್ಲಿ ಎಳೆಗರುವಿನ ಗೊರಸಿನ ಗುರುತೂ, ಅದರ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಯೂ ಇದ್ದವು. ಸೊಪ್ಪು ಕಾಲಿಗೆ ತಗುಲಲಿಲ್ಲ, ತಮ್ಮನ ಮೇಲೆ ಅವಳಿಗೆ ಅನುಮಾನವಿರಲಿಲ್ಲ, ಆದುದರಿಂದ ಅವಳು ಆ ದಾರಿಯಲ್ಲಿ ಹೋಗಿದ್ದಳು. ಅಂಚಿನಲ್ಲಿ ಅಕ್ಕನ ಕಂಬಳಿಯನ್ನು ಹೊದ್ದ ಕರು ನಡುಗುತ್ತ ನಿಂತಿತ್ತು. ಅದರಾಚೆ ಒದ್ದೆಹುಲ್ಲಿನಲ್ಲಿ ಕಾಲು ಜಾರಿದ ಗುರುತು. ಅದರಾಚೆ ಏನೂ ಇರಲಿಲ್ಲ.

ಆಗ ದೂಮನು ಕರುವನ್ನು ತಬ್ಬಿಕೊಂಡು ಅತ್ತ ಅಳು ಕಾನಿನ ಪಕ್ಷಿಗಳನ್ನೆಲ್ಲ ಎಬ್ಬಿಸಿತು. "ತಾಯೀ, ನಿನ್ನ ದಾರಿ ಬಿಟ್ಟುಕೊಡೋಕೆ ಹೋಗಿ ನನ್ನ ತಾಯೀನ ಕಳಕೊಂಡೆ. ನನ್ನೂ ತಗೋ," ಎಂದು ಅಂಚಿಗೆ ಕಾಲಿಟ್ಟನು. ಒಡನೆಯೇ ಗಾಳಿ ನಿಂತಿತು, ಮಂಜು ಅಲುಗಾಡದಾಯಿತು, ಮೇಘಗರ್ಭದಿಂದ ಹೊರಟಂತಹ ಗಂಭೀರವಾಣಿಯೊಂದು ಆ ಗಿರಿಕಂದರಗಳನ್ನು ತುಂಬಿತು:

"ನಿಲ್ಲು ಮಗು. ಸೊಪ್ಪೆತ್ತಿದ ಕೈ ನಿನ್ನದೇ. ಆದುದನ್ನು ನಾನೂ ಅಳಿಸಲಾರೆ. ಆದರೆ ನಿನ್ನಕ್ಕ ಕಲ್ಲಿನ ಮೇಲೆ ಬೀಳಲಿಲ್ಲ, ನನ್ನ ಮಡಿಲಿಗೆ ಬಿದ್ದಳು. ಹಿಂದುಳಿದವರನ್ನು ಕರೆತರಲು ಈ ಬೆಟ್ಟದಲ್ಲಿ ನನಗೊಬ್ಬಳು ಬೇಕಾಗಿದ್ದಳು. ಇಂದಿನಿಂದ ಇಲ್ಲಿಯ ಹಾದಿಗಳಲ್ಲೆಲ್ಲ ಕಡೆಯವಳು ಅವಳೇ. ತಾನೇ ಕಡೆಯವನೆಂದು ಬಗೆದು ಮನುಷ್ಯರಾರೂ ಇನ್ನು ಅಡ್ಡಸೊಪ್ಪನ್ನು ಎತ್ತದಿರಲಿ. ಎತ್ತುವವಳು ಹಿಂದೆ ಬರುತ್ತಿದ್ದಾಳೆ."

ಅರುಣೋದಯದಲ್ಲಿ ಮಂಜು ಸರಿಯಿತು. ಹಿಂದಿನ ದಿನದವರೆಗೆ ಚೂಪುಗಲ್ಲುಗಳಲ್ಲದೆ ಮತ್ತೇನೂ ಇರದಿದ್ದ ಪ್ರಪಾತದ ತಳದಲ್ಲಿ, ಆಕಾಶವನ್ನೇ ತುಂಬಿಕೊಂಡ ನಿರ್ಮಲವಾದ ದೊಣೆಯೊಂದು ಅಲೆಯಿಲ್ಲದೆ ನಿಂತಿತ್ತು. ಗೌಳಿಗರು ಸುತ್ತುದಾರಿಯಿಂದಿಳಿದು ದಡವನ್ನೆಲ್ಲ ಹುಡುಕಿದರೂ ದುಗ್ಗಕ್ಕನ ದೇಹ ದೊರೆಯಲಿಲ್ಲ. ದೂಮನು ನೀರಿಗೆ ಕೈಮುಗಿದು, ಕೂಗುವ ಶಕ್ತಿಯಿಲ್ಲದೆ, ಪಿಸುದನಿಯಲ್ಲಿ ಕೇಳಿದನು: "ಅಕ್ಕಾ, ಬಂದ್ಯಾ?" ಪಿಸುಮಾತಿಗೆ ಪ್ರತಿಧ್ವನಿಯಿಲ್ಲ. ಆದರೂ ಅವನ ಬೆನ್ನ ಹಿಂದಿನಿಂದ, ತೀರ ಹತ್ತಿರದಲ್ಲಿ, "ಬಂದೆ" ಎಂಬ ಮಾತು ಕೇಳಿಸಿತು. ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಆ ದೊಣೆಯೇ ಇಂದು ಯಾತ್ರಿಕರು ಮೀಯುವ ಅಕ್ಕನ ದೊಣೆ. ಮೇಲಿನ ಕವಲಿನಲ್ಲಿ ಎಡದ ದಾರಿಗೆ ಇಂದಿಗೂ ಹಸಿಸೊಪ್ಪನ್ನು ಅಡ್ಡವಿಡುತ್ತಾರೆ, ಯಾರೂ ಎತ್ತುವುದಿಲ್ಲ, ಬೆಳಗಾದರೆ ಅದು ಅಲ್ಲಿರುವುದಿಲ್ಲ. ಕಡವೆ ತಿಂದಿರಬೇಕೆಂದು ಬೆನ್ನಿಗೆ ದೊಡ್ಡ ಚೀಲ ಹೇರಿಕೊಂಡು ಬರುವ ಚಾರಣಿಗರು ಹೇಳುತ್ತಾರೆ. ತಿನ್ನಲಿ. ದೇವಿಯ ಕಡೆಯವಳು ಕಡವೆಯ ಬಾಯಿಂದ ಸೊಪ್ಪೆತ್ತಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.

ಇನ್ನು ದೂಮನ ವಿಷಯ. ಅವನು ಮುಂದಾಳಿನ ಪಟ್ಟವನ್ನು ಅಂದೇ ಬಿಟ್ಟು, ದೊಣೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು, ಬೆಟ್ಟವೇರಿ ಬಂದವರಿಗೆ ಅನ್ನ ಬೇಯಿಸಿ ಬಡಿಸುತ್ತ ಬಾಳಿದನು. ಪಂಕ್ತಿಯ ಕೊನೆಗೆ ಒಂದೆಲೆಯನ್ನು ಹೆಚ್ಚಾಗಿ ಹಾಕಿ, ಅನ್ನವನ್ನೂ ಬಡಿಸಿ, ಅದರ ಮುಂದೆ ಯಾರಾದರೂ ಬಂದು ಕುಳಿತು ಉಂಡಲ್ಲದೆ ತಾನು ತುತ್ತೆತ್ತುತ್ತಿರಲಿಲ್ಲ. ಯಾರೂ ಬಾರದ ದಿನ ಉಪವಾಸ. ಅಕ್ಕನೇ ಬಂದಾಳೆಂಬ ಆಸೆ ಅವನಿಗಿತ್ತೆಂದು ಕೆಲವರು ಹೇಳುವರು. ಇದ್ದಿರಲೂಬಹುದು, ಅವನೂ ಮನುಷ್ಯನೇ.

ಹೀಗೆ ಅವನು ಮುದುಕನಾದನು. ಕಡೆಗೊಂದು ಫಾಲ್ಗುಣದ ಹುಣ್ಣಿಮೆಯಂದು, ಕಾನಿನಿಂದ ಸೌದೆ ತರಲು ಹೋದವನು ಮೊಣಕಾಲು ಸೋತು, ಕುಳಿತು ಎದ್ದು, ಮತ್ತೆ ಕುಳಿತು, ಹಿಂದಿರುಗುವ ಹೊತ್ತಿಗೆ ಪಂಕ್ತಿಯ ಊಟವೆಲ್ಲ ಮುಗಿದಿತ್ತು. ಅವನ ಪದ್ಧತಿಯಂತೆಯೇ ಯಾತ್ರಿಕರು ಕೊನೆಯ ಎಲೆಯನ್ನು ಹಾಕಿ, ಬಡಿಸಿ ಇಟ್ಟಿದ್ದರು. ದೂಮನು ಎಂದಿನಂತೆ ಅದರ ಪಕ್ಕದಲ್ಲಿ ಕಾಯಲು ನಿಂತನು. ಬಡಿಸುತ್ತಿದ್ದ ಹೆಂಗಸೊಬ್ಬಳು, ಯಾವ ಊರಿನವಳೋ ಯಾರಿಗೂ ತಿಳಿಯದು, ಅವನ ಕೈ ಹಿಡಿದು ಹೇಳಿದಳು: "ಯಾರನ್ನ ಕಾಯ್ತೀಯಪ್ಪ? ಎಲ್ಲಾರೂ ಉಂಡಾಯ್ತು. ಕಡೆಯೋನು ನೀನೇ. ಕೂತ್ಕೋ."

ದೂಮನು ಕುಳಿತು, ಹಸಿದ ಮಗುವಿನಂತೆ ಎರಡೂ ಕೈಗಳಿಂದ ಹೊಟ್ಟೆ ತುಂಬ ಉಂಡನು.

ಫಾಲ್ಗುಣದ ಹುಣ್ಣಿಮೆಗೆ ಈ ಕ್ಷೇತ್ರಕ್ಕೆ ಬರುವ ಮಹನೀಯರು ದೊಣೆಯಲ್ಲಿ ಮಿಂದು ಪಂಕ್ತಿಯಲ್ಲಿ ಕುಳಿತಾಗ ಕೊನೆಯ ಎಲೆಯ ಮುಂದೆ ಯಾರೂ ಕುಳಿತಿಲ್ಲದಿರುವುದನ್ನು ಕಾಣುವರು. ಕಾಲು ನೋವಿನಿಂದಲೋ, ಮುಪ್ಪಿನಿಂದಲೋ, ದಾರಿ ತಪ್ಪಿಯೋ ತಡವಾಗಿ ಬಂದವರು ಸಂಕೋಚಪಡಬಾರದು. ಆ ಎಲೆ ಅವರದು, ಅನ್ನ ಬಿಸಿಯಾಗಿಯೇ ಇರುತ್ತದೆ.